ಗೆರೆ ಎಳೆಯುವವರು ಯಾರು?

ಟೈಲರಕ್ಕನ ಅಂಗಡಿ ತೆರೆದಿದೆಯೋ ಮುಚ್ಚಿದೆಯೋ ಎಂಬುದು ಆ ಬೀದಿಯವರಿಗೆ ಬಹಳ ದಿನ ಬಗೆಹರಿಯಲಿಲ್ಲ. ಷಟರು ಅರ್ಧ ಮೇಲಿರುತ್ತಿತ್ತು, ಅರ್ಧ ಕೆಳಗಿರುತ್ತಿತ್ತು. ಒಳಗೆ ದೀಪ ಉರಿಯುತ್ತಿತ್ತು, ಮೆಷಿನ್ನಿನ ಸದ್ದು ಮಾತ್ರ ಕೇಳುತ್ತಿರಲಿಲ್ಲ. ಪಕ್ಕದ ಔಷಧಿ ಅಂಗಡಿಗೆ ಬಂದವರು ಸೊಂಟ ಬಗ್ಗಿಸಿ ಇಣುಕಿ, ತೆಗೆದಿದ್ದೀರಾ ಎಂದು ಕೇಳಿದರೆ, ಹ್ಞೂಂ, ತೆಗೆದ ಹಾಗೇ ಅಂದುಕೊಳ್ಳಿ ಎಂಬ ಉತ್ತರ ಬರುತ್ತಿತ್ತು. ವ್ಯಾಪಾರಕ್ಕೆ ಕೂತ ಹೆಂಗಸು ಆಡುವ ಮಾತೇ ಇದು? ಆದರೆ ಅವಳನ್ನು ಬೈದು ಪ್ರಯೋಜನವಿಲ್ಲ. ಅಂಗಡಿ ತೆಗೆದಿದ್ದೇನೆಯೋ ಇಲ್ಲವೋ ಎಂಬುದು ಅವಳಿಗೇ ಖಾತ್ರಿಯಿರಲಿಲ್ಲ. "ಎಲ್ಲ ಬಗೆಯ ಬಟ್ಟೆಗಳ ಆಲ್ಟರೇಷನ್ ಮಾಡಿಕೊಡಲಾಗುವುದು" ಎಂದು ಬರೆಸಿದ್ದ ಬೋರ್ಡು ಇನ್ನೂ ಒಳಗೇ ಇತ್ತು, ಅದೂ ಗೋಡೆಗೆ ಮುಖ ಮಾಡಿಕೊಂಡು.

ಹೊಲಿಗೆ ಬಾರದವಳೇನಲ್ಲ ಅವಳು. ಊರಿನ ದೊಡ್ಡ ಬಟ್ಟೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಅವಳು ಹೊಲಿದು ಕಳಿಸಿದ ಬಟ್ಟೆಗೆ ಲೆಕ್ಕವಿಲ್ಲ. ಮದುವೆಯಾದ ಹೊಸತರಲ್ಲಿ ಆ ಕೋಣೆ ಹೊಕ್ಕವಳು ಕನ್ನಡಕ ಬರುವವರೆಗೂ ಅಲ್ಲೇ ಇದ್ದಳು. ಅಲ್ಲಿನ ಪದ್ಧತಿ ಹೀಗಿತ್ತು. ಗಿರಾಕಿ ಹೊಸ ಪ್ಯಾಂಟನ್ನೋ ಕೋಟನ್ನೋ ಹಾಕಿಕೊಂಡು ಟ್ರಯಲ್ ರೂಮಿನಿಂದ ಹೊರಬಂದು ಕನ್ನಡಿಯ ಮುಂದೆ ನಿಲ್ಲಬೇಕು. ಕೊರಳಿಗೆ ಟೇಪು ಇಳಿಬಿಟ್ಟ ಮಾಸ್ಟರು ಬಂದು, ಮಂಡಿಯೂರಿ ಕೂತು, ಒಂದು ಕಣ್ಣು ಸಣ್ಣದು ಮಾಡಿ, ಚಾಕ್‌ಪೀಸಿನಿಂದ ಚರ್ ಎಂದು ಒಂದು ಗೆರೆ ಎಳೆಯುತ್ತಿದ್ದರು. ಆಮೇಲೆ ಬಟ್ಟೆ ಪರದೆ ದಾಟಿ ಒಳಗೆ ಬರುತ್ತಿತ್ತು. ಒಳಗಿದ್ದ ಇವಳು ಗೆರೆ ನೋಡಿ ಮಡಿಸಿ, ಹೊಲಿದು, ಇಸ್ತ್ರಿ ಹಾಕಿ ವಾಪಸು ಕಳಿಸುತ್ತಿದ್ದಳು. ಗಿರಾಕಿಗಳಿಗೆ ಮಾಸ್ಟರು ಗೊತ್ತು, ಇವಳು ಗೊತ್ತಿಲ್ಲ. "ಒಳಗೆ ಕೊಟ್ಟಿದ್ದೀನಿ, ಈಗ ಬರುತ್ತೆ" ಎಂದು ಮಾಸ್ಟರು ಹೇಳುತ್ತಿದ್ದರಲ್ಲ, ಆ "ಒಳಗೆ" ಎಂಬುದೇ ಇವಳ ಹೆಸರು. ಅದರಿಂದ ಅವಳಿಗೆ ಬೇಸರವೇನೂ ಇರಲಿಲ್ಲ, ನಿಜ ಹೇಳಬೇಕೆಂದರೆ ಹಾಯಾಗಿತ್ತು. ಹೊರಗಿನವರ ಮುಖ ನೋಡಿ ಮಾತಾಡುವ ಗೋಜಿಲ್ಲ, ತಪ್ಪಾದರೆ ಮಾಸ್ಟರ ತಲೆಗೆ.

ಮಾಸ್ಟರಿಗೆ ವಯಸ್ಸಾಯಿತು, ಕಣ್ಣಿನ ಪೊರೆ ಬಂತು, ಮನೆ ಸೇರಿದರು. ಅವರ ಜಾಗಕ್ಕೆ ಬಂದ ಹೊಸ ಮಾಸ್ಟರಿಗೆ ಮೀಸೆ ಚೂಪಾಗಿತ್ತು, ಗೆರೆ ಮಾತ್ರ ಡೊಂಕು. ಒಂದು ದಿನ ಒಳಗೆ ಬಂದ ಪ್ಯಾಂಟಿನ ಎರಡು ಕಾಲಿಗೆ ಎರಡು ಬಗೆಯ ಗೆರೆಗಳಿದ್ದವು. ಟೈಲರಕ್ಕನಿಗೆ ನೋಡಿದ ಕೂಡಲೇ ಗೊತ್ತಾಯಿತು. ಎದ್ದು ಹೋಗಿ ಕೇಳಬಹುದಿತ್ತು. ಅವಳು ಏಳಲಿಲ್ಲ. ಗೆರೆ ಹೇಗಿತ್ತೋ ಹಾಗೇ ಹೊಲಿದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಪರದೆಯಾಚೆಯಿಂದ ಗಿರಾಕಿಯ ಕೂಗಾಟ ಕೇಳಿತು, ಅದರ ಹಿಂದೆಯೇ ಹೊಸ ಮಾಸ್ಟರ ಮೆತ್ತಗಿನ ದನಿ: "ಒಳಗೆ ಹಾಳು ಮಾಡಿದ್ದಾರೆ ಸಾರ್." ಅವಳಿಗೆ ಕಿವಿ ಬಿಸಿಯಾಯಿತು. ಅಷ್ಟು ವರ್ಷ ಯಾವ ಮಾತಿಗೂ ಎದ್ದು ನಿಲ್ಲದವಳು ಮಾರನೆಯ ದಿನ ಕೆಲಸ ಬಿಟ್ಟಳು. ಯಾರ ಮೇಲೆ ಸಿಟ್ಟು, ಆ ಮಾಸ್ಟರ ಮೇಲೋ ತನ್ನ ಮೇಲೋ ಎಂದು ಆಗಲೂ ತಿಳಿಯಲಿಲ್ಲ, ಈಗಲೂ ತಿಳಿದಿಲ್ಲ. ಆ ಸಿಟ್ಟಿನ ಬಿಸಿಯಲ್ಲೇ ಅಂಗಡಿ ಹಿಡಿದಳು, ಹಳೆ ಮೆಷಿನ್ನು ತಂದಳು, ಆಳೆತ್ತರದ ಕನ್ನಡಿ ನಿಲ್ಲಿಸಿದಳು, ಮೂಲೆಗೊಂದು ಪರದೆ ಕಟ್ಟಿ ಟ್ರಯಲ್ ರೂಮು ಮಾಡಿದಳು.

ಮೊದಲ ಗಿರಾಕಿ ಬಂದಾಗ ಸಿಟ್ಟು ಆರಿಹೋಗಿತ್ತು. ಬಂದವನು ಹೊಸ ಪ್ಯಾಂಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತ. ಇವಳು ಚಾಕ್‌ಪೀಸು ಹಿಡಿದು ಮಂಡಿಯೂರಿದಳು. ಕೈ ಮುಂದಕ್ಕೆ ಹೋಗಲಿಲ್ಲ. ಎಲ್ಲಿಗೆ ಬೇಕು ಎಂದು ಕೇಳಿದಳು, ಸರಿಯಾಗಿ ಬರಬೇಕು ಎಂದ ಅವನು. ಸರಿ ಎಂದರೆ ಎಲ್ಲಿ? ಹಿಮ್ಮಡಿಯ ಹತ್ತಿರವೋ, ಷೂವಿನ ಮೇಲಕ್ಕೋ, ಅದಕ್ಕೂ ಒಂದು ಬೆರಳು ಮೇಲೋ? ಅಷ್ಟು ವರ್ಷ ಗೆರೆಯ ಮೇಲೆ ಹೊಲಿದ ಕೈಗೆ, ಗೆರೆಯೇ ಇಲ್ಲದ ಬಟ್ಟೆ ಬಟ್ಟಬಯಲಿನಂತೆ ಕಂಡಿತು. ಬೇರೆಯವರ ಗೆರೆ ತಪ್ಪಿದ್ದರೆ ದೂರದಿಂದಲೇ ಕಂಡುಹಿಡಿಯುತ್ತಿದ್ದವಳಿಗೆ ತಾನೇ ಒಂದು ಎಳೆಯಲು ಬಾರದೆಂಬುದು ಆವತ್ತು ಗೊತ್ತಾಯಿತು. ಮೆಷಿನ್ನು ರಿಪೇರಿಗಿದೆ, ನಾಳೆ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದಳು. ಮಾರನೆಯ ದಿನ ಬಂದವರಿಗೂ ಅದನ್ನೇ ಹೇಳಿದಳು. ಆ ರಿಪೇರಿಯವನಷ್ಟು ದಂಡಪಿಂಡ ಇನ್ನೊಬ್ಬನಿಲ್ಲ ಎಂದು ಬೀದಿಯಲ್ಲಿ ಮಾತಾಯಿತು.

ಹಾಗೆಂದು ಕೆಲಸವೇ ಇರಲಿಲ್ಲವೆಂದಲ್ಲ. ಅಳತೆಗೆ ಹಳೆಯ ಬಟ್ಟೆ ತಂದವರನ್ನು ಅವಳು ನೆಂಟರ ಹಾಗೆ ಬರಮಾಡಿಕೊಳ್ಳುತ್ತಿದ್ದಳು. ಹಳೆಯದನ್ನು ಹೊಸದರ ಮೇಲೆ ಹಾಸಿ, ಅಂಚಿಗೆ ಅಂಚು ಕೂಡಿಸಿ ಗುರುತು ಮಾಡಿದರೆ ಮುಗಿಯಿತು, ತಾನು ನಿರ್ಧರಿಸಬೇಕಾದ್ದು ಏನೂ ಇಲ್ಲ. ಆದರೆ ಅಂಥವರು ಎಷ್ಟು ಜನ? ಮಿಕ್ಕವರು ಬರಿಗೈಯಲ್ಲಿ ಬಂದು, ನೀವೇ ನೋಡಿ ಹೇಳಿ ಎನ್ನುತ್ತಿದ್ದರು.

ಅವಳ ತಮ್ಮನಿಗೆ ಇದೆಲ್ಲ ಬಹಳ ಸುಲಭದ ವಿಷಯ. ಅವನು ವಿಮೆ ಮಾಡಿಸುವವನು. ಅದಕ್ಕಿಂತ ಹೆಚ್ಚಾಗಿ, ಸ್ವಂತ ಉದ್ಯಮ ಮಾಡುವವರಿಗೆ ಧೈರ್ಯ ತುಂಬುವ ವಿಡಿಯೋಗಳನ್ನು ನೋಡುವವನು. ಬೆಳಗಾದರೆ ಅಕ್ಕನ ಫೋನಿಗೆ ಒಂದು ಬರುತ್ತಿತ್ತು. ಸೋಮವಾರದ ವಿಡಿಯೋದಲ್ಲಿ ಕೋಟು ಹಾಕಿದ ಒಬ್ಬ ಮನುಷ್ಯ, ಭಯ ನಿಮ್ಮ ಶತ್ರು, ಅದನ್ನು ಕೊಂದುಹಾಕಿ ಎನ್ನುತ್ತಿದ್ದ. ಮಂಗಳವಾರ ಇನ್ನೊಬ್ಬ, ಭಯ ನಿಮ್ಮ ಗೆಳೆಯ, ಅದರ ಹೆಗಲ ಮೇಲೆ ಕೈ ಹಾಕಿ ಎನ್ನುತ್ತಿದ್ದ. ಟೈಲರಕ್ಕನಿಗೆ ಇಬ್ಬರೂ ಸರಿಯೆನಿಸುತ್ತಿದ್ದರು, ಅದೇ ತೊಂದರೆ. ವಿಡಿಯೋ ನೋಡುವಾಗಲೂ ಅವಳ ಕಣ್ಣು ಆ ಕೋಟಿನ ತೋಳಿನ ಮೇಲಿರುತ್ತಿತ್ತು, ಯಾರು ಹೊಲಿದರೋ, ಭುಜದ ಹತ್ತಿರ ಎಳೆದುಕೊಂಡಿದೆ ಎಂದು. ದಿನಾ ಕನ್ನಡಿಯ ಮುಂದೆ ನಿಂತು, ನಾನು ಸಿಂಹ, ನನ್ನಿಂದ ಆಗುತ್ತೆ ಎಂದು ಹೇಳಿಕೊಳ್ಳಬೇಕೆಂದು ತಮ್ಮ ಕಟ್ಟಪ್ಪಣೆ ಮಾಡಿದ. ಅವಳು ಅದನ್ನೂ ಮಾಡಿದಳು, ಪಾಪ. ಆ ಹೊತ್ತಿಗೆ ಸರಿಯಾಗಿ ಔಷಧಿ ಅಂಗಡಿಯವಳು ಜಿಪ್ಪು ಹಾಕಿಸಲು ತಲೆ ಬಗ್ಗಿಸಿ ಒಳಗೆ ಬಂದಳು. ಯಾರ ಹತ್ತಿರ ಮಾತಾಡ್ತಿದ್ರಿ ಎಂದು ಕೇಳಿದಳು. ಸಿಂಹವಾದವಳು ನಾಲಿಗೆ ಕಚ್ಚಿಕೊಂಡು ಜಿಪ್ಪು ಹುಡುಕತೊಡಗಿದಳು.

ಗಂಡ ಶಾಲೆಯ ವ್ಯಾನು ಓಡಿಸುತ್ತಿದ್ದ. ಒಳ್ಳೆಯವನೇ, ಆದರೆ ಕೊನೆಗೆ ಯಾರ ಜೊತೆ ಮಾತಾಡಿದನೋ ಅವರ ಅಭಿಪ್ರಾಯ ಅವನದಾಗುತ್ತಿತ್ತು. ವ್ಯಾನಿನ ಮಾಲೀಕನ ಜೊತೆ ಟೀ ಕುಡಿದು ಬಂದರೆ, ಸ್ವಂತದ್ದು ಸ್ವಂತದ್ದೇ ಕಣೆ ಎನ್ನುತ್ತಿದ್ದ. ಗ್ಯಾರೇಜಿನವನ ಹತ್ತಿರ ನಿಂತು ಬಂದರೆ, ಒಂದು ಕಡೆ ಕೆಲಸ ಅಂತ ಇದ್ದರೆ ನಿಶ್ಚಿಂತೆ ಕಣೆ ಎನ್ನುತ್ತಿದ್ದ. ನಿಮ್ಮ ಮಾತು ಯಾವುದು ಹೇಳಿ ಎಂದು ಅವಳು ಕೇಳಿದ ದಿನ ಅವನು ತುಂಬಾ ಹೊತ್ತು ಯೋಚಿಸಿ, ನೀನು ಹೇಗೆ ಹೇಳ್ತೀಯೋ ಹಾಗೆ ಎಂದ. ಅವಳಿಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಇದರ ನಡುವೆ ಹಳೆಯ ಅಂಗಡಿಯ ಮಾಲೀಕರ ಫೋನು ಬಂತು. ಒಳಗೆ ಈಗ ಕೂತವರಿಗೆ ಇವಳ ಕೈಹದ ಬರುತ್ತಿಲ್ಲವಂತೆ. ಆದದ್ದು ಆಯಿತು, ವಾಪಸು ಬನ್ನಿ ಎಂದರು. ತಿಂಗಳ ಕೊನೆಯ ಶನಿವಾರದವರೆಗೆ ಬೇರೆಯವರನ್ನು ಗೊತ್ತು ಮಾಡುವುದಿಲ್ಲ, ಅಷ್ಟರೊಳಗೆ ಹ್ಞೂಂ ಅಥವಾ ಉಹ್ಞೂಂ ಹೇಳಿಬಿಡಿ, ಆಮೇಲೆ ನನ್ನನ್ನು ದೂರಬೇಡಿ ಎಂದರು. ಕಟ್ಟುನಿಟ್ಟಿನ ಮನುಷ್ಯ, ಆದರೆ ಮಾತಿಗೆ ತಪ್ಪುವವರಲ್ಲ. ಟೈಲರಕ್ಕ ಫೋನಿಟ್ಟವಳು ಆ ಹಳೆ ಕೋಣೆಯನ್ನು ನೆನೆದುಕೊಂಡಳು. ಪರದೆ, ಫ್ಯಾನು, ಇಸ್ತ್ರಿಯ ಆವಿ, ಯಾರೂ ತನ್ನನ್ನು ನೋಡದ ಆ ನೆಮ್ಮದಿ. ಹೋಗಿಬಿಡೋಣ ಎನಿಸಿತು. ಮರುಕ್ಷಣವೇ "ಒಳಗೆ ಹಾಳು ಮಾಡಿದ್ದಾರೆ" ಎಂಬ ಮಾತು ಕಿವಿಗೆ ಬಿದ್ದಂತಾಗಿ ಬೇಡ ಎನಿಸಿತು. ಬೆಳಿಗ್ಗೆ ಹೋಗುವುದೇ ಸರಿ, ಮಧ್ಯಾಹ್ನ ಇರುವುದೇ ಸರಿ, ಸಂಜೆ ಎರಡೂ ತಪ್ಪು. ಹೀಗೆ ದಿನ ಕಳೆದು ಆ ಕೊನೆಯ ವಾರ ಬಂದೇಬಿಟ್ಟಿತು.

ಆ ವಾರದ ಬುಧವಾರ ಟೀಚರು ಬಂದರು. ಹತ್ತಿರದ ಶಾಲೆಯವರು, ಗಂಡನ ವ್ಯಾನಿನ ಮಕ್ಕಳಿಗೆ ಪಾಠ ಹೇಳುವವರು. ಮುಂದಿನ ಸೋಮವಾರ ಅದೇ ಶಾಲೆಗೆ ಹೆಡ್‌ಮಿಸ್ ಆಗುತ್ತಿದ್ದರು. ಬಾಗಿಲಿನಲ್ಲೇ ಮಾತು ಶುರುಮಾಡಿ, ತಂದೆತಾಯಿಗಳ ಮುಂದೆ ಭಾಷಣ ಮಾಡಬೇಕು, ನಮ್ಮಕ್ಕನ ಕೋಟು ಒಂದಿದೆ, ಒಳ್ಳೆಯ ಉಣ್ಣೆಯದು, ಅಕ್ಕ ಒಂದು ದಿನವೂ ಹಾಕಲಿಲ್ಲ, ನನಗೆ ಸರಿಮಾಡಿಕೊಡಿ, ಶುಕ್ರವಾರ ಬರುತ್ತೇನೆ ಎಂದೆಲ್ಲ ಒಂದೇ ಉಸಿರಿಗೆ ಹೇಳಿ ಬೂದು ಬಣ್ಣದ ಕೋಟನ್ನು ಮೇಜಿನ ಮೇಲಿಟ್ಟರು. ಟೈಲರಕ್ಕ ಎಂದಿನಂತೆ ಮೆಷಿನ್ನು ರಿಪೇರಿ ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಕೋಟಿನ ಒಳಮಗ್ಗುಲು ಕಣ್ಣಿಗೆ ಬಿತ್ತು. ಲೈನಿಂಗಿನ ಮೇಲೆ, ತೋಳಿನ ಅಂಚಿಗೆ, ಎರಡೂ ಪಕ್ಕದ ಹೊಲಿಗೆಗೆ, ನೀಲಿ ಚಾಕ್‌ಪೀಸಿನ ಗೆರೆಗಳು ಸೊಗಸಾಗಿ ಮೂಡಿದ್ದವು.

ಅವಳಿಗೆ ಹೋದ ಜೀವ ಬಂದಂತಾಯಿತು. ಯಾರೋ ಪುಣ್ಯಾತ್ಮರು ಆಗಲೇ ಗುರುತು ಮಾಡಿಕೊಟ್ಟಿದ್ದಾರೆ. ಯಾರು, ಯಾವಾಗ ಎಂದು ಕೇಳಬಹುದಿತ್ತು. ಕೇಳಿದರೆ ಮಾತು ಬೆಳೆಯುತ್ತದೆ, ಮಾತು ಬೆಳೆದರೆ ನೀವೇ ನೋಡಿ ಹೇಳಿ ಎನ್ನುತ್ತಾರೆ. ಆಗಲಿ ಎಂದಳು, ಟೀಚರು ಹೊರಟರು. ಆವತ್ತು ಮಧ್ಯಾಹ್ನ ಮೆಷಿನ್ನು ಸದ್ದು ಮಾಡಿದ್ದೇ ಮಾಡಿದ್ದು. ಹೊಲಿಗೆ ಬಿಚ್ಚಿದಳು, ಗೆರೆಗೆ ಸರಿಯಾಗಿ ಮಡಿಸಿದಳು, ಲೈನಿಂಗಿಗೆ ಕೈಹೊಲಿಗೆ ಹಾಕಿದಳು. ಅಂಗಡಿ ಹಿಡಿದ ಮೇಲೆ ಅಷ್ಟು ಸಂತೋಷ ಅವಳಿಗೆ ಆದದ್ದೇ ಇಲ್ಲ. ಮನೆಗೆ ಹೋಗಿ ಗಂಡನಿಗೆ, ಇರೋದೇ ಸರಿ ಅನ್ಸುತ್ತೆ ರೀ ಎಂದಳು. ಅವನೂ ಅಂದು ವ್ಯಾನಿನ ಮಾಲೀಕನ ಜೊತೆ ಟೀ ಕುಡಿದು ಬಂದಿದ್ದ, ಹೌದೆಂದ.

ಶುಕ್ರವಾರ ಮಧ್ಯಾಹ್ನ ಟೀಚರು ಕೋಟು ಹಾಕಿಕೊಂಡು ಪರದೆಯಿಂದ ಹೊರಬಂದರು. ತೋಳು ಮಣಿಕಟ್ಟಿಗಿಂತ ಬಹಳ ಹಿಂದೆಯೇ ನಿಂತುಬಿಟ್ಟಿತ್ತು. ಮುಂದಿನ ಗುಂಡಿಗೂ ಅದರ ಕಾಜಕ್ಕೂ ಮುಖ ನೋಡದಷ್ಟು ದೂರ. ಟೀಚರು ಕನ್ನಡಿ ನೋಡಿದರು, ತಮ್ಮ ಕೈ ನೋಡಿಕೊಂಡರು, ಮತ್ತೆ ಕನ್ನಡಿ ನೋಡಿದರು.

"ಇದು ನಾನು ಕೊಟ್ಟ ಕೋಟೇನಾ?"

ಟೈಲರಕ್ಕ ಇಂಗು ತಿಂದ ಮಂಗನಂತೆ ನಿಂತಳು. ಗೆರೆ ಇತ್ತಲ್ಲ ಮೇಡಂ ಎಂದಳು. ಯಾವ ಗೆರೆ ಎಂದರು ಟೀಚರು. ಒಳಗಿನ ಗೆರೆ, ನೀಲಿಯದು ಎಂದಳು ಇವಳು. ಟೀಚರು ಹಣೆ ಉಜ್ಜಿಕೊಂಡು ಯೋಚಿಸಿದ ಮೇಲೆ ವಿಷಯ ಹೊರಬಿತ್ತು. ಆ ಅಕ್ಕ ಕಡ್ಡಿಯಂಥವರು, ಗಿಡ್ಡ ಬೇರೆ. ಎಷ್ಟೋ ವರ್ಷದ ಹಿಂದೆ ಯಾರೋ ಟೈಲರಿಂದ ತಮ್ಮ ಅಳತೆಗೆ ಗುರುತು ಹಾಕಿಸಿಕೊಂಡು, ಆಮೇಲೆ ಬಣ್ಣ ಹಿಡಿಸದೆ ಹೊಲಿಸದೇ ಪೆಟ್ಟಿಗೆಗೆ ಹಾಕಿಬಿಟ್ಟಿದ್ದರು. ಟೈಲರಕ್ಕ ಮಧ್ಯಾಹ್ನವಿಡೀ ಹಿಗ್ಗಿ ಹಿಗ್ಗಿ ಹೊಲಿದದ್ದು ಅಂಗಡಿಗೇ ಬಾರದ ಒಬ್ಬ ಹೆಂಗಸಿನ ಮೈಗೆ.

"ನೀವು ನನ್ನ ಅಳತೇನೇ ತಗೊಳ್ಲಿಲ್ವಲ್ಲ, ನಾನೂ ಸುಮ್ಮನಿದ್ದೆ," ಎಂದರು ಟೀಚರು. ಅವರಿಗೆ ಸಿಟ್ಟಿಗಿಂತ ಗಲಿಬಿಲಿಯೇ ಹೆಚ್ಚಾಗಿತ್ತು. "ಅನುಭವ ಇರೋರು, ನೋಡಿದ್ರೇ ಗೊತ್ತಾಗುತ್ತೇನೋ ಅಂದ್ಕೊಂಡೆ."

ಆ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು. ಟೈಲರಕ್ಕನ ಕಣ್ಣು ತುಂಬಿತು. ಒಂದೇ ಪುಣ್ಯವೆಂದರೆ ಅವಳು ಕತ್ತರಿ ಆಡಿಸಿರಲಿಲ್ಲ. ಬಟ್ಟೆಯನ್ನು ಕತ್ತರಿಸದೆ ಒಳಕ್ಕೆ ಮಡಿಸಿಡುವುದು ಹಳೆ ಮಾಸ್ಟರು ಕಲಿಸಿದ ಅಭ್ಯಾಸ, ಮಾರ್ಜಿನ್ನು ಪೂರ್ತಿ ಹಾಗೇ ಇತ್ತು. ಬಿಚ್ಚಿ ಇಡುತ್ತೇನೆ, ನಾಳೆ ಬೆಳಿಗ್ಗೆ ಬನ್ನಿ ಮೇಡಂ, ಸಂಜೆಗೆ ಕೊಡುತ್ತೇನೆ ಎಂದು ತಡವರಿಸಿದಳು. ಟೀಚರಿಗೆ ಬೇರೆ ದಾರಿಯಿರಲಿಲ್ಲ, ಬೇರೆ ಕೋಟೂ ಇರಲಿಲ್ಲ. ನಾಳೆ ಬೆಳಿಗ್ಗೆ ಅಳತೆ ತಗೋತೀರಿ ತಾನೇ ಎಂದು ಇನ್ನೊಂದು ಸಲ ಕೇಳಿ ಹೋದರು. ನಾಳೆ ಶನಿವಾರ. ಹಳೆ ಅಂಗಡಿಯ ಮಾಲೀಕರಿಗೂ ನಾಳೆಯೇ ಹೇಳಬೇಕು. ಇನ್ನು ಹೇಳುವುದೇನಿದೆ, ಕೋಟು ಬಿಚ್ಚಿಕೊಟ್ಟು ಹಳೆ ಕೋಣೆ ಸೇರುವುದೇ ಎಂದು ಅವಳು ಮನಸ್ಸಿನಲ್ಲೇ ತೀರ್ಮಾನಿಸಿದಳು. ತೀರ್ಮಾನವಾದ ಮೇಲೆ ಎದೆ ಹಗುರಾಗಬೇಕಿತ್ತು, ಆಗಲಿಲ್ಲ.

ಹೊಲಿಗೆಯೆಲ್ಲ ಬಿಚ್ಚಿ ಮುಗಿಸಿ, ಸಂಜೆ ಅವಳು ಹಳೆ ಮಾಸ್ಟರ ಮನೆಗೆ ಹೋದಳು. ಸೈಕಲ್ ಅಂಗಡಿಯ ಮೇಲಿನ ಒಂಟಿ ಕೋಣೆ. ಕಣ್ಣಿನ ಆಪರೇಷನ್ ಆಗಿ, ಕಪ್ಪು ಕನ್ನಡಕ ಹಾಕಿಕೊಂಡು, ಕಿಟಕಿಯ ಹತ್ತಿರ ಕಾಲು ಚಾಚಿ ಕೂತಿದ್ದರು. ಅವಳು ಕೋಟಿನ ಕಥೆ ಹೇಳಿದಳು. ಅವರು ನಗಲಿಲ್ಲ, ಹಲ್ಲಿಲ್ಲದ ಬಾಯಿ ಮಾತ್ರ ಅಗಲವಾಯಿತು. ಎಲ್ಲಿ ಗೆರೆ ಎಳೆಯಬೇಕೆಂದು ನಿಮಗೆ ಹೇಗೆ ಗೊತ್ತಾಗುತ್ತಿತ್ತು, ಅದೊಂದು ಹೇಳಿಬಿಡಿ, ಯಾಕೆ ಸೋತೆ ಎಂದಾದರೂ ತಿಳಿದು ಸೋಲುತ್ತೇನೆ ಎಂದು ಅವಳು ಕೇಳಿಕೊಂಡಳು.

"ನನಗೆಲ್ಲಿ ಗೊತ್ತಾಗ್ತಿತ್ತಮ್ಮ?" ಎಂದರು ಮಾಸ್ಟರು. "ಅಂದಾಜಿನ ಮೇಲೆ ಎಳೀತಿದ್ದೆ. ಒಳಗೆ ಹೋದ್ರೆ ನೀನು ಸರಿ ಮಾಡ್ತೀಯ ಅಂತ ಗೊತ್ತಿತ್ತು."

ಅವಳು ಬೆಪ್ಪಾಗಿ ನೋಡಿದಳು. ತಾನು ಯಾವತ್ತೂ ಗೆರೆ ದಾಟಿದವಳಲ್ಲ ಎಂದಳು. ಮಾಸ್ಟರು ತಲೆಯಾಡಿಸಿದರು.

"ದಾಟ್ತಿದ್ದೆ ನೀನು. ಒಂದು ನೂಲು ಆ ಕಡೆ, ಒಂದು ನೂಲು ಈ ಕಡೆ. ಮೊದಲು ನನಗೆ ಸಿಟ್ಟೇ ಬಂತು, ನನ್ನ ಗೆರೆ ತಿದ್ದೋಕೆ ಇವಳು ಯಾರು ಅಂತ. ಗಿರಾಕಿ ಹಾಕ್ಕೊಂಡು ನಿಂತಾಗ ನೋಡಿದ್ರೆ ನಿನ್ನದೇ ಸರಿ ಇರ್ತಿತ್ತು. ನೀನು ಪರದೆ ಸಂದಿಯಿಂದ ಅವರು ನಿಲ್ಲೋದು ನೋಡ್ತಿದ್ದೆಯಲ್ಲ, ನಿನಗೆ ಗೊತ್ತಿಲ್ಲದೇನೇ ಕೈಗೆ ಇಳೀತಿತ್ತೇನೋ. ನಾನು ಹೇಳ್ಲಿಲ್ಲ. ಹೇಳಿದ್ರೆ ಹೆದರ್ಕೊಂಡು ನನ್ನ ಗೆರೆ ಮೇಲೇ ಹೊಲೀತಿದ್ದೆ."

ಟೈಲರಕ್ಕನಿಗೆ ಮೆಟ್ಟಿಲಿಳಿಯುವಾಗ ಕಾಲು ಎಲ್ಲಿಡುತ್ತಿದ್ದೇನೆಂದು ತಿಳಿಯಲಿಲ್ಲ. ಹೌದು, ಪರದೆಯ ಸಂದಿಯಿಂದ ಇಣುಕುವ ಚಾಳಿ ಅವಳಿಗಿತ್ತು. ಬೇಜಾರಿಗೆ ನೋಡುತ್ತಿದ್ದದ್ದು. ಯಾರು ಒಂದು ಭುಜ ಇಳಿಬಿಟ್ಟು ನಿಲ್ಲುತ್ತಾರೆ, ಯಾರು ಕನ್ನಡಿ ಕಂಡರೆ ಹೊಟ್ಟೆ ಒಳಗೆಳೆದುಕೊಳ್ಳುತ್ತಾರೆ ಎಂದು. ಆದರೆ ಗೆರೆ ತಿದ್ದಿದ್ದು? ಒಂದು ಸಲವೂ ನೆನಪಿಲ್ಲ. ಹಾಗಾದರೆ ಆ ಡೊಂಕು ಪ್ಯಾಂಟನ್ನು ಯಾಕೆ ತಿದ್ದಲಿಲ್ಲ? ಅದು ತಪ್ಪೆಂದು ಎದ್ದು ಕಾಣುತ್ತಿತ್ತಲ್ಲ. ಗೊತ್ತಿಲ್ಲದಾಗ ಓಡುವ ಕೈ ಗೊತ್ತಾದ ಕೂಡಲೇ ನಿಂತುಬಿಡುತ್ತದೆಯೇ? ಇಷ್ಟಕ್ಕೂ ಈ ಮಾಸ್ಟರ ಮಾತನ್ನು ನಂಬುವುದು ಹೇಗೆ? ಮೂರು ಗುಂಡಿ ಬಿಗಿಯಾದ ಗಿರಾಕಿಗೂ, ಸ್ವಲ್ಪ ಇಳಿದಿದ್ದೀರಿ ಸಾರ್ ಎಂದು ಹೇಳಿ ಬಟ್ಟೆ ಮಾರಿಸಿದ ನಾಲಿಗೆ ಅದು. ಅಳುತ್ತ ಬಂದವಳನ್ನು ಸಮಾಧಾನ ಮಾಡಲು ಒಂದು ಸುಳ್ಳು ಹೊಸೆದಿರಬಹುದು. ನಿಜವಿರಬಹುದು. ಮನೆ ಸೇರುವವರೆಗೂ ಅವಳು ಇವೆರಡರ ನಡುವೆ ಓಲಾಡಿದಳು. ಗಂಡ ಏನಾಯಿತೆಂದು ಕೇಳಿದ, ಗೊತ್ತಿಲ್ಲ ಕಣ್ರೀ ಎಂದಳು.

ಬೆಳಿಗ್ಗೆ ಟೀಚರು ಹೇಳಿದ ಹೊತ್ತಿಗೆ ಬಂದರು, ಹೊಲಿಗೆ ಬಿಚ್ಚಿದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತರು. ಟೈಲರಕ್ಕ ಚಾಕ್‌ಪೀಸು ಹಿಡಿದು ಹತ್ತಿರ ಹೋದಳು. ಟೇಪು ಹಿಡಿದು ಅಳೆದಳು. ಟೇಪು ತೋಳಿನ ಉದ್ದ ಹೇಳಿತೇ ಹೊರತು ತೋಳು ಎಲ್ಲಿ ಮುಗಿಯಬೇಕೆಂದು ಹೇಳಲಿಲ್ಲ. ನಿಮಗೆ ಎಲ್ಲಿಗೆ ಬೇಕು ಮೇಡಂ ಎಂದು ಕೇಳಿದಳು. ನನಗೇನು ಗೊತ್ತಾಗುತ್ತೆ, ನೀವೇ ಹೇಳಿ ಎಂದರು ಟೀಚರು. ಕೈ ನಡುಗತೊಡಗಿತು. ಬಟ್ಟೆ ಮತ್ತೆ ಬಟ್ಟಬಯಲಾಯಿತು. ಟೀಚರ ಕಣ್ಣು ತನ್ನ ಕೈಯ ಮೇಲಿದೆ ಎಂಬುದೊಂದೇ ಅವಳಿಗೆ ತಿಳಿಯುತ್ತಿದ್ದದ್ದು.

ಆಗ ಅವಳು ಮಾಡಿದ ಕೆಲಸವನ್ನು ಯಾವ ಮಾಸ್ಟರೂ ಮಾಡಿರಲಾರರು. "ಒಂದು ನಿಮಿಷ ಮೇಡಂ, ನೀವು ಹಾಗೇ ಬಾಗಿಲ ತನಕ ಓಡಾಡ್ತಿರಿ," ಎಂದವಳೇ ಸರಕ್ಕನೆ ಟ್ರಯಲ್ ರೂಮಿನೊಳಗೆ ಹೊಕ್ಕು ಪರದೆ ಎಳೆದುಕೊಂಡಳು.

ಗಿರಾಕಿ ಹೊರಗೆ, ಟೈಲರು ಟ್ರಯಲ್ ರೂಮಿನೊಳಗೆ. ಟೀಚರು ಅತ್ತಿತ್ತ ನೋಡಿದರು. ಹೇಳಿದ ಮೇಲೆ ಮಾಡಲೇಬೇಕೆಂದು ಮಕ್ಕಳಿಗೆ ಕಲಿಸಿದವರಲ್ಲವೇ, ಬಾಗಿಲ ತನಕ ಹೋದರು, ಬಂದರು. ಏನು ಮಾಡುವುದೆಂದು ತೋಚದೆ ಒಮ್ಮೆ ಕೈಕಟ್ಟಿಕೊಂಡರು, ಬಿಟ್ಟರು, ಕೊನೆಗೆ ಬೋರ್ಡಿನ ಮೇಲೆ ಬರೆಯುವವರ ಹಾಗೆ ಬಲಗೈ ಎತ್ತಿ ಕನ್ನಡಿಯ ಅಂಚು ಹಿಡಿದು ನಿಂತರು. ಪರದೆಯ ಸಂದಿಯಲ್ಲಿ ಒಂದು ಕಣ್ಣಿತ್ತು. ಟೈಲರಕ್ಕನಿಗೆ ಒಂದು ಚಿತ್ರ ಸ್ಪಷ್ಟವಾಗಿ ಕಾಣಿಸಿತು: ಈಯಮ್ಮ ಕೈ ಇಳಿಬಿಟ್ಟು ನಿಲ್ಲುವವರಲ್ಲ, ಕೈ ಎತ್ತುವವರು. ತೋಳು ಕೈ ಎತ್ತಿದಾಗ ಸರಿಯಿರಬೇಕು, ಬಿಟ್ಟಾಗ ತುಸು ಉದ್ದವೆನಿಸಿದರೂ ಅಡ್ಡಿಯಿಲ್ಲ. ಸೊಂಟದಲ್ಲಿ ಬಿಗಿ ಬೇಡ, ಬಗ್ಗಿ ಮಕ್ಕಳ ಜೊತೆ ಮಾತಾಡುವವರು. ಅವಳು ಪರದೆ ಸರಿಸಿ ಬಂದು, ಭಯ ಬೆನ್ನು ಹತ್ತಿ ಬರುವಷ್ಟರೊಳಗೆ, ತೋಳಿನ ಮೇಲೆ ಚರ್ ಎಂದು ಎಳೆದಳು. ಇನ್ನೊಂದು ತೋಳು, ಎರಡು ಪಕ್ಕ. ಮುಗಿದ ಮೇಲೆ ಸ್ಟೂಲಿನ ಮೇಲೆ ಕೂತುಬಿಟ್ಟಳು. ಸರಿಯಾಗಿದೆಯಾ ಎಂದು ಟೀಚರು ಕೇಳಿದರು.

"ಗೊತ್ತಿಲ್ಲ ಮೇಡಂ. ಸಂಜೆ ನೋಡೋಣ."

ದಿನವಿಡೀ ಅವಳು ಆ ಗೆರೆಗಳ ಮೇಲೆ ಹೊಲಿದಳು. ಬುಧವಾರದ ಆ ಹಿಗ್ಗು ಇರಲಿಲ್ಲ. ತನ್ನದೇ ಗೆರೆಯನ್ನು ನಂಬುವುದು ಇಷ್ಟು ಕಷ್ಟದ ಕೆಲಸವೆಂದು ಅವಳು ಎಣಿಸಿರಲಿಲ್ಲ. ನಡುವೆ ತಮ್ಮ ಬಂದು, ಎಲ್ಲಿದೆ ನಮ್ಮ ಸಿಂಹ ಎಂದು ತಮಾಷೆ ಮಾಡಿದ. ಬಾಯಿ ಮುಚ್ಚಿಕೊಂಡು ಆ ದಾರ ಎತ್ತಿಕೊಡೋ ಎಂದಳು, ಕೊಟ್ಟ.

ಸಂಜೆ ಟೀಚರು ಕೋಟು ಹಾಕಿಕೊಂಡರು. ಗುಂಡಿ ಕಾಜದೊಳಗೆ ಸಲೀಸಾಗಿ ಹೋಯಿತು. ಕೈ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು. ತೋಳು ಸ್ವಲ್ಪ ಜಾರಿ, ಮಣಿಕಟ್ಟಿನ ಹತ್ತಿರವೇ ಬಂದು ನಿಂತಿತು. ಈಗ ಇದು ನನ್ನದು ಎಂದರು ಟೀಚರು, ಕನ್ನಡಿಗೆ. ಬಿಚ್ಚಲೂ ಇಲ್ಲ, ಹಾಕಿಕೊಂಡೇ ಹೊರಟರು. ವ್ಯಾನು ನಿಲ್ಲಿಸಿ ಬಂದಿದ್ದ ಗಂಡ, ಎಷ್ಟು ಚೆನ್ನಾಗಿದೆ ಕಣೆ ಎಂದ. ಅವನು ಅಂದು ಯಾರ ಜೊತೆಯೂ ಟೀ ಕುಡಿದಿರಲಿಲ್ಲ, ಆದ್ದರಿಂದ ಅದು ಅವನದೇ ಮಾತಿರಬೇಕು. ಟೈಲರಕ್ಕ ಕೇಳಿಸಿಕೊಳ್ಳಲಿಲ್ಲ. ಅವಳು ಬಾಗಿಲಿಗೆ ಬಂದು, ಬೀದಿಯಲ್ಲಿ ನಡೆದುಹೋಗುತ್ತಿದ್ದ ಟೀಚರ ಬೆನ್ನನ್ನೇ ನೋಡುತ್ತಿದ್ದಳು. ತಿರುವಿನಲ್ಲಿ ಯಾರನ್ನೋ ಕಂಡು ಅವರು ಎಡಗೈ ಬೀಸಿದರು. ಅಲ್ಲಿ ಅವಳ ಹುಬ್ಬು ಗಂಟಿಕ್ಕಿತು.

ಒಳಗೆ ಫೋನು ಹೊಡೆದುಕೊಳ್ಳುತ್ತಿತ್ತು. ಗಂಡ ತಂದುಕೊಟ್ಟ. ಮಾಲೀಕರು ಕಾದು ಕಾದು ತಾವೇ ಮಾಡಿದ್ದರು. ಏನು ತೀರ್ಮಾನ ಮಾಡಿದಿರಿ, ಸೋಮವಾರದಿಂದ ಬರುತ್ತೀರೋ ಹೇಗೆ ಎಂದು ಕೇಳಿದರು. ಅವರಿಗೆ ಹೇಳಬೇಕೆಂಬುದೇ ಅವಳಿಗೆ ಬೆಳಿಗ್ಗೆಯಿಂದ ಮರೆತುಹೋಗಿತ್ತು. ಅವಳ ಕಣ್ಣು ಇನ್ನೂ ಆ ತಿರುವಿನ ಮೇಲೇ ಇತ್ತು.

"ಇಲ್ಲ ಸಾರ್, ಬೇರೆಯವರನ್ನ ನೋಡ್ಕೊಳ್ಳಿ."

ಅವರು ಸಿಟ್ಟಾಗಲಿಲ್ಲ. ಅಂತೂ ಧೈರ್ಯ ಬಂತು ಅನ್ನಿ ಎಂದರು.

"ಎಲ್ಲಿಯ ಧೈರ್ಯ ಸಾರ್. ಕೈ ಇನ್ನೂ ನಡುಗ್ತಾನೇ ಇದೆ," ಎಂದಳು ಟೈಲರಕ್ಕ. "ಎಡಗಡೆ ತೋಳು ಒಂದು ನೂಲು ಮೇಲೆ ಹೋಗಿದೆ. ಯಾಕೆ ಹಾಗಾಯ್ತು ಅಂತ ತಿಳೀತಿಲ್ಲ. ಮುಂದಿನ ಸಲ ನೋಡ್ಬೇಕು."